ಮುನೇಶ್ವರನಿಗೆ ಖಾರದ ಚುಟ್ಟ

ಹುಳಿಮಾವು, ಬೆಂಗಳೂರು
೨೮ ನವೆಂಬರ್ ೨೦೨೪, ಗುರುವಾರ

ನಮ್ಮ ಶಾಂತಲಾಳ ಅಪ್ಪನವರಿಗೆ, ಮುನಿಯಕ್ಕ ಮಾಡುವ ನಮಸ್ಕಾರಗಳು.

ಮೊದಲು ಆರೋಗ್ಯದ ಮಾತು. ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು, ತಿಂಡಿ ಆದ ಮೇಲೆ ಎರಡು, ಮಲಗುವಾಗ ಆ ಚಿಕ್ಕ ಬಿಳಿ ಮಾತ್ರೆ. ತಪ್ಪದೆ ನುಂಗುತ್ತಿದ್ದೀರಾ, ಇಲ್ಲ ತಂಗಿಯ ಮನೆಯ ಊಟದ ಗಮ್ಮತ್ತಿನಲ್ಲಿ ಡಬ್ಬಿಯನ್ನೇ ಮರೆತಿದ್ದೀರಾ? ಯಲ್ಲಮ್ಮನ ಕೈ ಉಪ್ಪಿನ ವಿಷಯದಲ್ಲಿ ಬಹಳ ಧಾರಾಳ. ಎದೆಯೊಳಗೆ ಸ್ಟೆಂಟ್ ಇಟ್ಟುಕೊಂಡ ಮನುಷ್ಯನಿಗೆ ಒಣಮೀನು ಹುರಿದು ಬಡಿಸಬೇಡ ಎಂದು ನಾನು ಹೇಳಿದೆನೆಂದು ಅವಳಿಗೆ ಹೇಳಿ. ಬೇಸರವಾದರೆ ಆಗಲಿ. ನೀವು ಫೋನನ್ನು ಬೇಕೆಂತಲೇ ಫ್ರಿಜ್ಜಿನ ಮೇಲೆ ಬಿಟ್ಟು ಹೋದಿರಿ. ಅವಳ ಫೋನಿಗೆ ಮಾಡೋಣವೆಂದರೆ ಸ್ಪೀಕರ್ ಹಾಕಿ ಇಡೀ ಹಾರೋಹಳ್ಳಿಗೆ ಕೇಳಿಸುತ್ತಾಳೆ. ಹಾಗಾಗಿ ಏಳನೇ ಕ್ಲಾಸು ಓದಿದ ನನ್ನ ಅಕ್ಷರವನ್ನು ಈ ವಯಸ್ಸಿನಲ್ಲಿ ಹೊರಗೆ ತೆಗೆಯಬೇಕಾಯಿತು. ಟೊಮೊಟೊ ಗಾಡಿಯ ಸೀನು ದಿನಾ ಆ ಕಡೆ ಹೋಗುತ್ತಾನಲ್ಲ, ಅವನ ಕೈಯಲ್ಲಿ ಕಳಿಸುತ್ತೇನೆ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲ ಎಂದು ಬರೆದರೆ ನೀವು ಓಡಿ ಬರುತ್ತೀರೇನೋ, ಆದರೆ ಸುಳ್ಳು ಹೇಳಿ ಕರೆಸಿಕೊಂಡಳು ಎಂಬ ಇನ್ನೊಂದು ಮಾತು ನನಗೆ ಬೇಡ. ಮಂಡಿನೋವು ಎಂದಿನಂತೆ ಇದೆ. ಶಾಂತಲಾ ಮತ್ತು ಅಳಿಯಂದಿರು ಪ್ರತಿ ಭಾನುವಾರ ಬೊಮ್ಮನಹಳ್ಳಿಯಿಂದ ಬಂದು ಹೋಗುತ್ತಾರೆ. ಅಳಿಯ ದಿನೇಶ್ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆದಾಗಿನಿಂದ ನನಗೂ ಟಾರ್ಗೆಟ್ ಹಾಕುತ್ತಾನೆ. ‘ಅತ್ತೆ, ಈ ವಾರ ಮಾವನ್ನ ವಾಪಸ್ ಕರ್ಸೋದೇ ಟಾರ್ಗೆಟ್’ ಅನ್ನುತ್ತಾನೆ. ನಿಮ್ಮನ್ನು ಕರೆಸುವುದು ಷರ್ಟಿಗೆ ಕಾಲರ್ ಹೊಲಿದಷ್ಟು ಸುಲಭವೆಂದು ತಿಳಿದಿದ್ದಾನೆ.

ಈಗ ನನ್ನ ತಲೆನೋವಿಗೆ ಬರುತ್ತೇನೆ. ಬರುವ ಭಾನುವಾರ ಕಾರ್ತಿಕದ ಅಮಾವಾಸ್ಯೆ. ಕೆರೆ ದಂಡೆಯ ಬೇವಿನ ಮರದ ಕೆಳಗೆ ಕೂತಿರುವ ನಮ್ಮ ಮುನೇಶ್ವರನಿಗೆ ಚುಟ್ಟ ಹಚ್ಚುವ ದಿನ. ನಿಮ್ಮ ತಾತನ ಕಾಲದಿಂದ ಈ ಮನೆಯವರೇ ಹಚ್ಚಿಕೊಂಡು ಬಂದಿದ್ದೇವೆ. ನಮ್ಮ ಸ್ವಾಮಿಗೆ ಸಪ್ಪೆ ಆಗುವುದಿಲ್ಲ. ಸಾರಿಗೆ ಮೆಣಸು ಜಾಸ್ತಿ ಬೇಕು, ಹೊಗೆಯೂ ಮೂಗಿಗೆ ಚುರ್ ಅನ್ನಬೇಕು, ಹಚ್ಚಿದ ಚುಟ್ಟ ಕೊನೆಯ ತನಕ ಆರದೆ ಉರಿದರೆ ಒಪ್ಪಿದ ಎಂದು ಲೆಕ್ಕ. ಇದೆಲ್ಲ ನಿಮಗೆ ಗೊತ್ತು, ಗೊತ್ತಿದ್ದೂ ಅಲ್ಲಿ ಹೋಗಿ ಕೂತಿದ್ದೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶ್ರಾವಣದ ಅಮಾವಾಸ್ಯೆಗೆ ನೀವು ಆಸ್ಪತ್ರೆಯಲ್ಲಿದ್ದಾಗ ದಿನೇಶ್ ಹಚ್ಚಿದ. ಬಾಯಲ್ಲಿಟ್ಟು ನಾಲ್ಕು ದಮ್ಮು ಎಳೆದರೆ ತಾನೆ ಬೆಂಕಿ ಒಳಗೆ ಇಳಿಯುವುದು? ಇವನು ಲೈಟರ್ ಹಿಡಿದು ತುದಿಯನ್ನು ಸುಟ್ಟು ಇಟ್ಟ. ಎರಡು ಸಲ ಆರಿಹೋಯಿತು. ಅದೂ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿರುವ ಯಾವನೋ ಭಕ್ತ ತಂದುಕೊಟ್ಟ ವೆನಿಲಾ ವಾಸನೆಯ ಸಿಗಾರ್. ಮುನೇಶ್ವರನ ಗುಡಿಯೊಳಗೆ ಬೇಕರಿಯ ಘಮ. ಪಕ್ಕದ ಮನೆಯ ನೀಲಗಂಗಮ್ಮ ‘ಬೋರಯ್ಯನೋರು ಇಲ್ದೆ ಸ್ವಾಮಿ ಮುನಿಸ್ಕೊಂಡವ್ನೆ ಕಣಕ್ಕ’ ಎಂದಳು. ನೀವು ಐಸಿಯು ಒಳಗೆ ಮಲಗಿದ್ದ ದಿನ ಆ ಮಾತು ಕೇಳಿ ನಾನು ಹೆದರಿಹೋದೆ.

ಆ ಭಯ ಇನ್ನೂ ಹೋಗಿಲ್ಲ. ಅದಕ್ಕೇ ಈ ಸಲ ಒಳ್ಳೆಯ ಖಾರದ್ದನ್ನೇ ತರಬೇಕೆಂದು ಹೊರಟೆ. ಕಲಾಸಿಪಾಳ್ಯದಲ್ಲಿ ನೀವು ಚುಟ್ಟ ತರುತ್ತಿದ್ದ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅಲ್ಲಿಂದ ಬಸ್ಸು ಹಿಡಿದು ಜಯನಗರ ನಾಲ್ಕನೇ ಬ್ಲಾಕು. ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿ ಸಿಗಾರಿನದೇ ಒಂದು ಅಂಗಡಿ ಇದೆ ಎಂದು ಶಾಂತಲಾ ಫೋನಿನಲ್ಲಿ ಹುಡುಕಿ ಹೇಳಿದ್ದಳು. ಗಾಜಿನ ಬಾಗಿಲು, ಒಳಗೆ ಏಸಿ, ಅದರೊಳಗೆ ಇನ್ನೊಂದು ತಣ್ಣನೆಯ ಕೋಣೆ, ಅಲ್ಲಿ ಮರದ ಪೆಟ್ಟಿಗೆಗಳಲ್ಲಿ ಸಿಗಾರುಗಳನ್ನು ಕೂಸು ಮಲಗಿಸಿದ ಹಾಗೆ ಮಲಗಿಸಿದ್ದಾರೆ. ತರಕಾರಿ ಚೀಲ ಹಿಡಿದು ಒಳಗೆ ಬಂದ ನನ್ನನ್ನು ನೋಡಿ ಅಂಗಡಿಯ ಯುವರಾಜ್ ಎಂಬಾತ ‘ಆಂಟಿ, ಕರಿಬೇವು ಕೊತ್ತಂಬರಿ ಎಲ್ಲ ಎದುರುಗಡೆ’ ಎಂದ. ಖಾರದ ಸಿಗಾರ್ ಕೊಡಪ್ಪ ಎಂದೆ. ಅವನ ಮುಖ ನೀವು ನೋಡಬೇಕಿತ್ತು.

ಆಮೇಲೆ ಪಾಪ, ಮರ್ಯಾದೆಯಿಂದಲೇ ತೋರಿಸಿದ. ಆದರೆ ಖಾರ ಕೇಳಿದರೆ ಜೇನು ಅನ್ನುತ್ತಾನೆ, ಕೋಕೋ ಅನ್ನುತ್ತಾನೆ, ಹಳೇ ಚರ್ಮದ ವಾಸನೆ ಇದೆ ಅನ್ನುತ್ತಾನೆ. ಚರ್ಮದ ವಾಸನೆಗೆ ಯಾರಾದರೂ ಅಷ್ಟು ದೂರ ಬರುತ್ತಾರಾ? ಕಪ್ಪಗಿರುವುದೇ ಖಾರವಿರಬೇಕೆಂದು ನಾನೊಂದು ಎತ್ತಿಕೊಂಡೆ. ಅದು ಸಿಹಿ ಕಡೆಯದಂತೆ. ‘ಕಲರ್ ನೋಡಿ ತಗೋಬೇಡಿ ಆಂಟಿ, ಗಿಡದ ತಲೆ ಮೇಲಿನ ಎಲೆ ಬಿಸಿಲು ಜಾಸ್ತಿ ಕುಡ್ದಿರುತ್ತೆ, ಒಳಗಡೆ ಆ ಎಲೆ ಹಾಕಿ ಸುತ್ತಿರೋದೇ ಖಾರ’ ಎಂದ. ಅದು ನನಗೆ ತಕ್ಷಣ ಅರ್ಥವಾಯಿತು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ, ನಲವತ್ತು ವರ್ಷದಿಂದ ಸಾರಿನ ಪುಡಿ ಕುಟ್ಟುವವಳಿಗೆ ಅದನ್ನು ಹೊಸದಾಗಿ ಹೇಳಬೇಕೆ? ಕರಿಮೆಣಸಿನ ಖಾರ ಮೊದಲ ಒಂದಂಗುಲದಲ್ಲೇ ನಾಲಿಗೆಗೆ ಗೊತ್ತಾಗಬೇಕು, ಹೊಗೆಯನ್ನು ಮೂಗಿನಿಂದ ಬಿಟ್ಟರೆ ಕಣ್ಣಲ್ಲಿ ನೀರು ಬರಬೇಕು, ನಿಕರಾಗುವಾ ಎಂಬ ದೇಶದ ಎಲೆ ಅದಕ್ಕೆ ಹೆಸರುವಾಸಿ ಎಂದೆಲ್ಲ ಹೇಳಿದ. ಆ ದೇಶ ಎಲ್ಲಿದೆಯೋ. ಕೊನೆಗೆ ಎರಡು ಜಾತಿಗೆ ಇಳಿಸಿದ. ಒಂದು ಉದ್ದ, ಸಣ್ಣ. ಇನ್ನೊಂದು ಗಿಡ್ಡ, ದಪ್ಪ. ಎರಡನ್ನೂ ಮೂಸಿದೆ, ಎಲೆ ಒಣಗಿ ಚಟಪಟ ಅನ್ನುತ್ತದೆಯೇ ಎಂದು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದೆ. ನೀವು ಮಾಡುವುದನ್ನು ನೋಡಿದ್ದೆನಲ್ಲ.

ಹಾಗೆ ಒತ್ತಿದ್ದು ನೋಡಿಯೇ ಅವನಿಗೆ ನೆನಪಾಗಿದ್ದು. ‘ಹುಳಿಮಾವಿಂದ ಒಬ್ರು ಅಂಕಲ್ ಬಂದಿದ್ರು, ಬಿಳಿ ಮೀಸೆ, ಅವ್ರೂ ಹಿಂಗೇ ಕಿವಿ ಹತ್ರ ಇಟ್ಕೊಂಡು ನೋಡಿದ್ರು’ ಎಂದ. ಯಾವಾಗ ಎಂದು ಕೇಳಿದೆ. ದೀಪಾವಳಿ ಆದ ಮೇಲೆ ಎಂದ. ನನ್ನ ರಕ್ತ ಕುದಿಯಿತು. ಸಿಕ್ಕಿಬಿದ್ದರು, ಇಲ್ಲಿಗೇ ಬಂದು ಕದ್ದು ಸೇದುತ್ತಿದ್ದರು ಎಂದುಕೊಂಡೆ. ಅಷ್ಟರಲ್ಲಿ ಅವನೇ ಮುಂದುವರಿಸಿ, ‘ಒಂದು ದಮ್ ಎಳೆದು ನೋಡಿ ಅಂಕಲ್ ಅಂದೆ. ನಾನು ಬಿಟ್ಟಿದೀನಪ್ಪ, ಮನೇಲಿ ಮಾತು ಕೊಟ್ಟಿದೀನಿ, ಇದು ದೇವ್ರಿಗೆ, ನೀನೇ ಎಳೆದು ಖಾರ ಇದೆಯಾ ಹೇಳು ಅಂದ್ರು’ ಎಂದ. ಅವನು ಎಳೆದು ಹೇಳಿದನಂತೆ. ಒಂದೇ ಒಂದು ಕೊಂಡು, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡು ಹೋದಿರಂತೆ.

ಆ ಕರ್ಚೀಫನ್ನು ನಿಮ್ಮ ಷರ್ಟಿನ ಜೇಬಿನಿಂದ ಎಳೆದವಳು ನಾನು. ಅಳಿಯನ ಮುಂದೆ, ನೀಲಗಂಗಮ್ಮನ ಮುಂದೆ, ಜಗಲಿಯ ಮೇಲೆ ನಿಂತು ಕೂಗಿದವಳೂ ನಾನು. ‘ಹದಿನೇಳು ದಿನ ಆಸ್ಪತ್ರೇಲಿ ನಿಮ್ಮ ಕಾಲ ಹತ್ರ ಕೂತಿದ್ದು ಇದಕ್ಕೇನಾ?’ ಎಂದು ಅದನ್ನು ಮುರಿದು ಚರಂಡಿಗೆ ಎಸೆದೆ. ಬೆಳಿಗ್ಗೆ ಎದ್ದು ನೋಡಿದರೆ ಫೋನು ಫ್ರಿಜ್ಜಿನ ಮೇಲೆ, ನೀವು ಬಸ್ಸಿನಲ್ಲಿ. ಅಲ್ಲಾರೀ, ಬಾಯಿಗೆ ಏನಾಗಿತ್ತು? ಸ್ವಾಮಿಗೆ ತಂದ ಚುಟ್ಟವನ್ನು ಹಚ್ಚುವ ತನಕ ಯಾರಿಗೂ ಹೇಳಬಾರದು ಎಂಬ ನಿಮ್ಮ ತಾತನ ಕಟ್ಟಳೆ ನನಗೂ ಗೊತ್ತು. ಆದರೆ ಹೆಂಡತಿ ಕೈಯಲ್ಲಿ ಮುರಿಯುತ್ತಿರುವಾಗಲೂ ಹೇಳಬಾರದು ಎಂದು ಆ ತಾತ ಹೇಳಿದ್ದರಾ? ಕಣ್ಣಾದರೂ ಬಿಟ್ಟು ನೋಡಬಹುದಿತ್ತು. ಗುಡಿಯ ಕಡೆ ಕೈಯಾದರೂ ತೋರಿಸಬಹುದಿತ್ತು. ಸುಮ್ಮನೆ ನಿಂತಿರಿ, ಬೈಸಿಕೊಂಡಿರಿ, ಹೊರಟುಹೋದಿರಿ. ಇಂಥ ಮನುಷ್ಯನ ಜೊತೆ ಸಂಸಾರ ಮಾಡುವುದೆಂದರೆ ಗೋಡೆಗೆ ಹಣೆ ಚಚ್ಚಿಕೊಂಡ ಹಾಗೆ.

ಆ ದಿನ ಯಾವುದನ್ನು ಕೊಟ್ಟೆ ಎಂದು ಕೇಳಿದರೆ ಯುವರಾಜನಿಗೆ ನೆನಪಿಲ್ಲ, ಈ ಎರಡರಲ್ಲಿ ಒಂದು ಅನ್ನುತ್ತಾನೆ. ಎರಡನ್ನೂ ಜೋಡಿ ಜೋಡಿ ತಂದೆ. ಇಂದು ದಿನೇಶನಿಗೆ ರಜೆ ಹಾಕಿಸಿ, ಬೆಳಿಗ್ಗೆಯೇ ಶಾಂತಲಾಳ ಜೊತೆ ಕರೆಸಿಕೊಂಡು ಎಳೆದು ಹೇಳಪ್ಪ ಎಂದೆ. ಉದ್ದದ್ದನ್ನು ಎಳೆದು ‘ಸಖತ್ ಅತ್ತೆ’ ಎಂದ. ದಪ್ಪದ್ದನ್ನು ಎಳೆದು ಅದಕ್ಕೂ ‘ಸಖತ್’ ಎಂದ. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ. ನಿಮ್ಮ ಮಗಳು ನನ್ನ ಮೇಲೆ ಹಾರಾಡಿದಳು. ಹೀಗಿದೆ ನನ್ನ ಪಾಡು. ಆದ್ದರಿಂದ ಉದ್ದದ್ದೋ ದಪ್ಪದ್ದೋ, ಅಷ್ಟನ್ನು ಸೀನು ಹತ್ತಿರ ಹೇಳಿ ಕಳಿಸಿ. ಬೇರೆ ಏನೂ ಹೇಳಲು ಇಷ್ಟವಿಲ್ಲದಿದ್ದರೆ ಬೇಡ.

ಯಲ್ಲಮ್ಮನಿಗೆ ನಾನು ಕೇಳಿದೆನೆಂದು ತಿಳಿಸಿ. ಅವಳ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಚಳಿ ಶುರುವಾಗಿದೆ, ನಿಮ್ಮ ಮಫ್ಲರನ್ನೂ ಸೀನು ಕೈಯಲ್ಲಿ ಕಳಿಸುತ್ತಿದ್ದೇನೆ. ಮುನೇಶ್ವರ ನಿಮ್ಮನ್ನು ಕಾಯಲಿ.

ಇತಿ,
ಮುನಿಯಕ್ಕ

ಮತ್ತೆ ಬರೆದದ್ದು: ಸೀನು ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಯಾವುದೆಂದು ಹೇಳಿ ಕಳಿಸಬೇಡಿ, ಗೊತ್ತಾಯಿತು. ಮಧ್ಯಾಹ್ನ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಎರಡನ್ನೂ ನಾನೇ ಎಳೆದು ನೋಡಿದೆ. ದಪ್ಪದ್ದೇ. ನಾಲಿಗೆ ಇನ್ನೂ ಉರಿಯುತ್ತಿದೆ, ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡಿದೆ. ನೀಲಗಂಗಮ್ಮನನ್ನೂ ದಿನೇಶನನ್ನೂ ಅದೇ ಜಗಲಿಗೆ ಕರೆದು, ಅವರು ಸ್ವಾಮಿಗೆ ತಂದಿದ್ದರು, ತಪ್ಪು ನನ್ನದು ಎಂದು ಅವತ್ತಿನಷ್ಟೇ ಜೋರಾಗಿ ಹೇಳಿದೆ. ನಿಮಗೆ ಹೇಳುವುದೇ ಕಷ್ಟವಾಗಿ ಇಷ್ಟುದ್ದ ಬೈದು ಬರೆದೆ. ನನ್ನ ತಪ್ಪು, ಕ್ಷಮಿಸಿ. ಭಾನುವಾರ ನೀವು ಬಾಯಿಗಿಡುವಂತಿಲ್ಲ, ಡಾಕ್ಟರ್ ಮಾತು, ನನ್ನ ಮಾತೂ ಅದೇ. ನಾಲ್ಕು ದಮ್ಮು ನಾನೇ ಎಳೆದು ಹಚ್ಚುತ್ತೇನೆ. ಹೆಂಗಸು ಹಚ್ಚಬಾರದು ಅನ್ನುವವರು ಮುಂದೆ ಬಂದು ಒಂದು ದಮ್ಮು ಎಳೆದು ನೋಡಲಿ. ಆದರೆ ಒಬ್ಬಳೇ ನಿಲ್ಲುವುದು ನನ್ನಿಂದಾಗದು. ನೀವು ಪಕ್ಕದಲ್ಲಿ ನಿಂತು ಬೆಂಕಿಕಡ್ಡಿ ಹಿಡಿಯಿರಿ.