ಅರವತ್ತು ಮಂದಿಯ ಪರವಾಗಿ ನಾನು ಹೇಳಿದ ‘ಯೆಸ್ ಸರ್’

ಮಾನ್ಯ ಪ್ರಾಚಾರ್ಯರೇ,

ಬಿ.ಎಸ್ಸಿ. ಮೊದಲ ವರ್ಷದವರು ಕಲಿಕೆಯಲ್ಲಿ ಹಿಂದೆ ಬೀಳಲು ಮೊಬೈಲು, ಗೈರುಹಾಜರಿ ಮತ್ತು ‘ಹಳ್ಳಿಯ ವಾತಾವರಣ’ ಕಾರಣವೆಂದು ತಾವು ನೋಟಿಸ್ ಬೋರ್ಡಿಗೆ ಹಚ್ಚಿಸಿದ್ದೀರಿ. ಒಂದು ಕಾರಣ ಬಿಟ್ಟುಹೋಗಿದೆ: ನಾನು. ತಮ್ಮ ಮನೆಮಾತೂ ಕನ್ನಡವೇ ಎಂದು ಕೇಳಿದ್ದರಿಂದ ಕನ್ನಡದಲ್ಲೇ ಒಪ್ಪಿಕೊಳ್ಳುತ್ತಿದ್ದೇನೆ.

ಪಾಠ ಮುಗಿದಾಗ ಕೆಮಿಸ್ಟ್ರಿ ಸರ್ ಮರಾಠಿಯಲ್ಲಿ ‘ಸಮಜಲಾ ಕಾ?’, ತಿಳಿಯಿತೇ, ಎಂದು ಕೇಳುತ್ತಾರೆ. ಅರವತ್ತು ಮಂದಿಯ ಪರವಾಗಿ ಉತ್ತರಿಸುವುದು ಫಸ್ಟ್ ಬೆಂಚಿನ ವಾಡಿಕೆ. ನಾನು ಐದನೇ ತರಗತಿಯಿಂದ ಉದಗೀರದ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲಿ ಬೆಳೆದವಳು. ತಿಳಿಯಲಿಲ್ಲ ಎಂದವರನ್ನು ಅಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹೀಗಾಗಿ ಪ್ರಶ್ನೆ ಮುಗಿಯುವ ಮೊದಲೇ ನನ್ನ ಬಾಯಿಂದ ‘ಯೆಸ್ ಸರ್’ ಹೊರಡುತ್ತದೆ. ತಿಳಿದಿರುವುದಿಲ್ಲ, ಆ ಮಾತು ಬೇರೆ. ಸರ್ ಡಸ್ಟರ್ ಎತ್ತುತ್ತಾರೆ, ಅಧ್ಯಾಯ ಮುಗಿಯುತ್ತದೆ. ಇಷ್ಟು ವೇಗದ ವಿದ್ಯಾದಾನ ಇನ್ನೆಲ್ಲಿದೆ, ಹೇಳಿ?

ಮೋಲ್ ಲೆಕ್ಕದ ದಿನ ತುರೋರಿಯಿಂದ ಬಸ್ಸಿನಲ್ಲಿ ಬರುವ ಮಯೂರಿ ತನಗೆ ತಿಳಿಯಲಿಲ್ಲವೆಂದು ಹಿಂದಿನ ಸಾಲಿನಲ್ಲಿ ಎದ್ದು ನಿಂತಳು. ಮನೆಯಲ್ಲಿ ನನ್ನಂತೆ ಕನ್ನಡದವಳು, ಓದಿದ್ದು ಮರಾಠಿ ಶಾಲೆಯಲ್ಲಿ. ನಾನಾಗಲೇ ‘ಯೆಸ್ ಸರ್’ ಎಂದಿದ್ದೆ. ಎಲ್ಲರಿಗೂ ತಿಳಿದದ್ದು ನಿನಗೊಬ್ಬಳಿಗೆ ಯಾಕೆ ತಿಳಿಯಲಿಲ್ಲ ಎಂದು ಸರ್ ಕೇಳಿದರು. ವರ್ಗ ನಕ್ಕಿತು. ನಾನೂ ನಕ್ಕೆ. ಅದೇ ಲೆಕ್ಕ ಇಂಟರ್ನಲ್ ಪರೀಕ್ಷೆಗೆ ಬಂತು. ಆಕೆ ಫೇಲಾದಳು, ಕಾಲೇಜಿಗೆ ಬರುವುದನ್ನೇ ಬಿಟ್ಟಳು.

ಆಕೆ ಬರುವುದು ಬಿಟ್ಟ ಹನ್ನೆರಡನೆಯ ದಿನ ತುರೋರಿಗೆ, ಆಕೆಯ ಮನೆಗೆ ಹೋದೆ.

‘ನೀ ಶಾಣ್ಯಾಕಿ, ನಿನಗ ಒಮ್ಮಿ ಹೇಳಿದ್ರ ತಿಳೀತದ. ನಂದೇ ತಲಿ ಮೊಂಡ,’ ಅಂದಳು ಮಯೂರಿ.

‘ನನಗೂ ತಿಳದಿಲ್ಲ.’

‘ಮತ್ತ ಯೆಸ್ ಯಾಕ ಅಂದಿ?’

ಚಹಾ ತಂದ ಆಕೆಯ ತಾಯಿ ರಂಭಾಬಾಯಿ ಬಾಗಿಲಲ್ಲೇ ನಿಂತರು. ‘ಹನ್ನೆರಡು ದಿನ ಆತು, ತನ್ನ ತಲಿಗೇ ಬೈಕೋತ ಕುಂತಾಳ ನೋಡು. ಈ ಮಾತು ಮೊದಲೇ ಹೇಳಬಾರದಿತ್ತೇನ, ಯವ್ವಾ?’

ಅಲ್ಲೇ ಕೂತು ಈ ಪತ್ರ ಬರೆಯತೊಡಗಿದೆ.

ತಪ್ಪು ನನ್ನದು. ಆದರೆ ಒಬ್ಬ ಅಂಜುಬುರುಕಿಯ ‘ಯೆಸ್’ ಅನ್ನು ಅರವತ್ತು ಮಂದಿಯ ತಿಳಿವಳಿಕೆ ಎಂದು ಒಪ್ಪುವ ಕಾಲೇಜಿಗೆ ಏನನ್ನಬೇಕು? ಪರೀಕ್ಷಾ ಫಾರ್ಮ್ ತುಂಬಲು ಶನಿವಾರ ಕೊನೆಯ ದಿನ. ಅಷ್ಟರೊಳಗೆ ಆ ಪಾಠವನ್ನು ಮೊದಲಿಂದ ಮಾಡಿಸಿ, ತಿಳಿಯಿತೇ ಎಂದು ಹಿಂದಿನ ಸಾಲಿನಿಂದ ಕೇಳಿಸುತ್ತ ಬನ್ನಿ, ಯಾವ ಭಾಷೆಯಲ್ಲಾದರೂ ಸರಿ. ಮಯೂರಿಗೆ ಮರುಪರೀಕ್ಷೆ ಕೊಡಿ. ಇಂಟರ್ನಲ್ ಪರೀಕ್ಷೆಯ ನನ್ನ ಹದಿನೇಳು ಅಂಕ ಬರೀ ಬಾಯಿಪಾಠದ್ದು. ಅವನ್ನು ರದ್ದು ಮಾಡಿ ನನ್ನನ್ನೂ ಕೂರಿಸಿ.

ಈ ಪತ್ರವನ್ನು ಮಯೂರಿಗೆ ಓದಿ ಹೇಳಿದೆ. ‘ಕಳಸು’ ಅಂದಳು. ‘ಕಾಲೇಜಿಗೆ ಬರ್ತೀನಿ’ ಅನ್ನಲಿಲ್ಲ.

ಇಂತಿ, ತಮ್ಮ ನೋಟಿಸಿನ ನಾಲ್ಕನೆಯ ಕಾರಣ,
ಭುವನೇಶ್ವರಿ
ಬಿ.ಎಸ್ಸಿ. ಮೊದಲ ವರ್ಷ, ಉಮರ್ಗಾ