ಮೂರನೇ ಪ್ಲಾಟ್‌ಫಾರಂನ ಚೀಟಿ

ಮಾರ್ಚ್ 3, ಸೋಮವಾರ

‘ಪ್ಲೇಟ್’ ಮುಗಿಯಿತು, ಅಂತೂ. ತಿನ್ನುವ ಪ್ಲೇಟು, ಗಾಡಿಯ ನಂಬರ್ ಪ್ಲೇಟು, ಮುರಿದ ಮೂಳೆಗೆ ಹಾಕುವ ಪ್ಲೇಟು — ಎರಡು ವಾರ ತಲೆ ತಿಂದಿತು. ನಾಳೆಯಿಂದ ‘ಪ್ಲಾಟ್‌ಫಾರಂ’. ನಮ್ಮ ಜನ ದಿನಾ ಬಾಯಲ್ಲಿ ಆಡುವ ಇಂಗ್ಲಿಷ್ ಪದಗಳಿಗೆಲ್ಲ ಅರ್ಥ ಬರೆಯುವ ಕೋಶವಂತೆ ಇದು. ಈ ವೇಗದಲ್ಲಿ ‘ಜಡ್’ ತಲುಪುವಾಗ ನನಗೆ ಎಂಬತ್ತೆಂಟು ವಯಸ್ಸು.

ಸಂಜೆ ಸುಮ್ಮನೆ ಡ್ರಾಯರ್ ಎಳೆದು ನೋಡಿದೆ. ಸಾಲು ಸಾಲು ಚೀಟಿ, ಹಳೆಯ ಅಂಟಿನ ವಾಸನೆ. ಒಂದೊಂದರ ಮೇಲೂ ಎಲ್ಲಿಂದಲೋ ಕತ್ತರಿಸಿ ತಂದ ಮೂರು ನಾಲ್ಕು ಸಾಲು. ಪದ ಇರುವ ವಾಕ್ಯ, ಅದರ ಹಿಂದಿನದು, ಮುಂದಿನದು. ಕೈಯಲ್ಲಿ ನಕಲು ಮಾಡುವಂತಿಲ್ಲ, ಮೂಲ ಕಾಗದವೇ ಬೇಕು. ಈ ನಿಯಮ ಅಪ್ಪನದು. ಮೂವತ್ತೊಂದು ವರ್ಷ ಇದೇ ಕುರ್ಚಿಯಲ್ಲಿ ಕೂತು, ರಿಟೈರ್ ಆಗುವ ದಿನ ನನ್ನನ್ನು ಕೂರಿಸಿ ಹೋದರು.

ಮನೆಯಲ್ಲೂ ಅಷ್ಟೇ. ಅಪ್ಪನ ಜೇಬಿನಲ್ಲಿ ಸದಾ ಪುಟ್ಟ ಕತ್ತರಿ. ಅಕ್ಕನೂ ನಾನೂ ಬೆಳೆದದ್ದೇ ಕಿಟಕಿ ಬಿದ್ದ ಪೇಪರ್ ಓದಿಕೊಂಡು. ಔಷಧಿ ಡಬ್ಬಿ, ಮದುವೆ ಕಾಗದ, ನನ್ನ ಆರನೇ ಕ್ಲಾಸಿನ ಭೂಗೋಳ — ಎಲ್ಲದಕ್ಕೂ ಕಿಟಕಿ. ಪರೀಕ್ಷೆಯಲ್ಲಿ ಜ್ವಾಲಾಮುಖಿ ಬಗ್ಗೆ ಕೇಳಿದ್ದರು. ನನ್ನ ಪುಸ್ತಕದಲ್ಲಿ ಆ ಜಾಗದಲ್ಲಿ ತೂತು. ಆ ‘ಲಾವಾ’ ಚೀಟಿ ಇವತ್ತಿಗೂ ಎಲ್ ಡ್ರಾಯರಿನಲ್ಲಿ ಆರಾಮಾಗಿದೆ.

ಮಾರ್ಚ್ 4, ಮಂಗಳವಾರ, ಮಧ್ಯಾಹ್ನ

ಪಕ್ಕದ ಮೇಜಿನ ಪ್ರೂಫ್ ನೋಡುವವಳು ಬೆಳಿಗ್ಗೆ ಬಂದವಳೇ ಕಾಲು ಎತ್ತಿ ನನ್ನ ಕುರ್ಚಿಯ ಮೇಲಿಟ್ಟಳು. ಎರಡು ಇಂಚು ದಪ್ಪ ಅಟ್ಟೆಯ ಚಪ್ಪಲಿ. “ಇದೂ, ಪ್ಲಾಟ್‌ಫಾರಮ್ಮೇ, ಬರ್ಕೋ.” ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತಾಳೆ. ಅದಕ್ಕೇ ಆಫೀಸಿಗೆಲ್ಲ ಅವಳು ‘ಅಲ್ಪವಿರಾಮ’. ಬೇಜಾರಿಲ್ಲ ಅವಳಿಗೆ.

ಸಂಪಾದಕರು ಮೊಬೈಲ್ ಎತ್ತಿ ತೋರಿಸಿದರು. ಈಗ ಅದರೊಳಗೆ ಇರುವುದೆಲ್ಲ ಪ್ಲಾಟ್‌ಫಾರಮ್ಮೇ ಅಂತೆ. ಸಾಮಾನು ಮಾರುವುದೂ, ಜಗಳ ಆಡುವುದೂ. ಚುನಾವಣೆಗೆ ನಿಂತವರದೂ ಒಂದು ಇದೆ — ಇಂತಿಂಥದ್ದು ಮಾಡುತ್ತೇವೆ ಅಂತ ಪಟ್ಟಿ ಕೊಡುತ್ತಾರಲ್ಲ, ಅದು. ರೈಲಿನದೂ ಸೇರಿ ನಾಲ್ಕು ಅರ್ಥ ಆಯಿತು. ಊಟದ ಹೊತ್ತಿಗೆ ಐದನೆಯದು ತಾನಾಗೇ ಬಂತು. ನಾನು ಕರೆದಿರಲಿಲ್ಲ.

ಈಜುಕೊಳದ ಪ್ಲಾಟ್‌ಫಾರಂ. ಹತ್ತು ಮೀಟರ್ ಎತ್ತರ. ಮೇಲೆ ಅಕ್ಕ. ನೀರಿಗೆ ಬೆನ್ನು ಹಾಕಿ, ಹಿಮ್ಮಡಿ ಗಾಳಿಯಲ್ಲಿ, ಬೆರಳ ತುದಿಯಷ್ಟೇ ಸಿಮೆಂಟಿನ ಮೇಲೆ. ಕೆಳಗೆ ಟವೆಲ್ ಹಿಡಿದುಕೊಂಡು ನಾನು. ಎಲ್ಲಿ ಹೋದರೂ ಅವಳ ಹಿಂದೆಯೇ ಇರುತ್ತಿದ್ದೆ ಅಂತ ಅವಳಿಟ್ಟ ಹೆಸರು ‘ಬಾಲ’. ಹಾರುವ ಮೊದಲು ತೊಡೆಯ ಪಕ್ಕ ಎರಡು ಬೆರಳು ಎತ್ತುತ್ತಿದ್ದಳು. ನೋಡುತ್ತಿದ್ದೀಯಾ ಅಂತ ಅರ್ಥ. ನಾನೂ ಎರಡು ಬೆರಳು ಎತ್ತಬೇಕು. ಎತ್ತದಿದ್ದರೆ ಹಾರುತ್ತಿರಲಿಲ್ಲ. ಕೋಚ್ ಸೀಟಿ ಊದಿ ಊದಿ ಸುಸ್ತಾಗುತ್ತಿದ್ದರು.

ಕಣ್ಣು ಬಿಟ್ಟಾಗ ಟೀ ತಣ್ಣಗಾಗಿ ಕೆನೆ ಕಟ್ಟಿತ್ತು. ಒಂಬತ್ತು ವರ್ಷ ಆಯಿತು ಅವಳ ಸುದ್ದಿ ಇಲ್ಲದೆ.

ಮಾರ್ಚ್ 6, ಗುರುವಾರ

ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ರೈಲಿನ ಅರ್ಥಕ್ಕೆ ಒಳ್ಳೆಯ ಉದಾಹರಣೆ ಹುಡುಕುತ್ತಿದ್ದೆ. ಐವತ್ತು ಚೀಟಿ ತಿರುವಿರಬೇಕು. ಒಂದು ಚೀಟಿಯ ಮೇಲೆ ಅಚ್ಚಲ್ಲ, ನೀಲಿ ಶಾಯಿಯ ಕೈಬರಹ. ಕೆಳಗೆ ಅಪ್ಪನ ದುಂಡು ಅಕ್ಷರ: ಮೂಲ — ಖಾಸಗಿ ಪತ್ರ. ಒಂಬತ್ತು ವರ್ಷದ ಹಿಂದಿನ ತಾರೀಖು.

“ಹದಿನಾಲ್ಕನೇ ತಾರೀಖು ಬೆಳಿಗ್ಗೆ ನನ್ನ ರೈಲು ನಿಮ್ಮಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತೆ. ಮೂರನೇ ಪ್ಲಾಟ್‌ಫಾರಂ ಕೊನೇಲಿ, ಕುಡಿಯೋ ನೀರಿನ ನಲ್ಲಿ ಹತ್ರ ನಿಂತಿರ್ತೀನಿ ಬಾಲ. ನೀನು ಬರದಿದ್ರೆ ನೀನೂ ಅಪ್ಪನ ಕಡೇನೇ ಅಂದ್ಕೊಂಡು ಇನ್ನು ಬರೆಯೋದಿಲ್ಲ.”

ಬಾಲ ಅಂದರೆ ನಾನೇ. ಪತ್ರ ನನ್ನದೇ.

ಅಲ್ಪವಿರಾಮ ಬಂದು ಏನಾಯಿತು ಅಂದಳು. ಏನೂ ಇಲ್ಲ, ಧೂಳು ಅಂದೆ.

ಅದೇ ದಿನ, ಸಂಜೆ

ಈ ಚೀಟಿ ಕತ್ತರಿಸಿ ಉಳಿದ ಪತ್ರವನ್ನು ಮನೆಯಲ್ಲಿ ಇಟ್ಟುಕೊಂಡಿದ್ದೆ. ಸ್ವೆಟರ್ ಕೆಳಗೆ ಸಿಕ್ಕಿತು. ಅಕ್ಕ ಸಮುದ್ರದ ನಡುವಿನ ತೈಲದ ಪ್ಲಾಟ್‌ಫಾರಂಗೆ ಕೆಲಸಕ್ಕೆ ಹೋದ ಮೊದಲ ವರ್ಷದ್ದು. ನೀರಿನೊಳಗೆ ಇಳಿದು ಕಬ್ಬಿಣದ ಕಾಲುಗಳಿಗೆ ವೆಲ್ಡಿಂಗ್ ಮಾಡುವ ಕೆಲಸ. ಕೊಳದಲ್ಲಿ ಹಾರಿದ್ದು ಸಾಲದೇ, ಅದೇನು ಹುಚ್ಚು ಅಂತ ಅಪ್ಪ ಕೂಗಾಡಿದ್ದರು. ಈ ಹೊಸ್ತಿಲು ದಾಟಿದರೆ ಮತ್ತೆ ಬರಬೇಡ ಅಂದಿದ್ದರು. ಅಕ್ಕ ನನ್ನ ಮುಖ ನೋಡಿದಳು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಬ್ಯಾಗ್ ಎತ್ತಿಕೊಂಡು ಹೋದಳು.

ಪತ್ರದಲ್ಲಿ ಗಾಳಿ ಬಗ್ಗೆ ಇದೆ. ಕಬ್ಬಿಣದ ಕಾಲುಗಳ ಮೇಲೆ ನಿಂತ ಮನೆಯಂಥ ಜಾಗ, ಸಂಜೆ ಹಕ್ಕಿಗಳೆಲ್ಲ ಬಂದು ಕೂರುತ್ತವೆ, ಮಲಗಿದಾಗ ಅಡಿಯಲ್ಲಿ ನೀರು ಓಡಾಡುವುದು ಕೇಳಿಸುತ್ತದೆ ಅಂತ. ಆಮೇಲೆ ಒಂದು ಕಿಟಕಿ. ಕಿಟಕಿಯ ಕೆಳಗೆ, “ಹಾಗಾದ್ರೆ ನೋಡೋಣ. ಅಕ್ಕ.” ಅಷ್ಟೇ. ಪತ್ರ ಮುಗಿಸುವ ಮಾತು ಅಂದುಕೊಂಡಿದ್ದೆ.

ಚೀಟಿಯನ್ನು ಕಿಟಕಿಯ ಮೇಲಿಟ್ಟೆ. ಸರಿಯಾಗಿ ಕೂತಿತು.

ಒಂದು ಮಾತು ಕೇಳಲಿಲ್ಲವಲ್ಲ ನಾನು. ಏನು ಕತ್ತರಿಸಿದಿರಿ ಅಂತ. ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಕಿಟಕಿ ಇಲ್ಲದ ಕಾಗದ ಬಂದಿದ್ದರೇ ಆಶ್ಚರ್ಯ. ಕೇಳದೆ ಇದ್ದದ್ದಲ್ಲದೆ ಎರಡು ಪುಟ ಉತ್ತರ ಬೇರೆ ಬರೆದೆ! ಇಲ್ಲಿ ಸೆಖೆ ಜಾಸ್ತಿ, ಪಕ್ಕದ ಮನೆಯ ಬೆಕ್ಕು ಮರಿ ಹಾಕಿದೆ, ಅಲ್ಲಿ ಸ್ವೆಟರ್ ಬೇಕಾಗುತ್ತಾ. ಅಲ್ಲಿಗೆ ಟಪಾಲು ಹೋಗುವುದು ದೋಣಿಯಲ್ಲಿ, ಹದಿನೈದು ದಿನಕ್ಕೊಮ್ಮೆ. ನಲ್ಲಿ ಹತ್ತಿರ ಇಪ್ಪತ್ತು ನಿಮಿಷ ನಿಂತು ವಾಪಸ್ ಹೋದವಳ ಕೈಗೆ ಬೆಕ್ಕಿನ ಮರಿಯ ಸುದ್ದಿ ಸಿಕ್ಕಿರಬೇಕು.

ಆಮೇಲೆ ಅವಳು ಬರೆಯಲಿಲ್ಲ. ನಾನೂ ಮುಖ ಊದಿಸಿಕೊಂಡು ಕೂತೆ. ಎಷ್ಟು ಸೊಕ್ಕು ಇವಳಿಗೆ, ಉತ್ತರ ಕೂಡ ಬರೆಯಲಿಲ್ಲ ಅಂತ. ಒಂಬತ್ತು ವರ್ಷ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಅಪ್ಪ ಕಾಫಿ ಮುಂದಿಟ್ಟುಕೊಂಡು ಪೇಪರ್ ಕತ್ತರಿಸುತ್ತಿದ್ದರು. ಈಗಲೂ ಬಿಟ್ಟಿಲ್ಲ. ನಾನೇ ಕೊಂಡುಹೋಗಿ ಡ್ರಾಯರಿಗೆ ಹಾಕುತ್ತೇನೆ. ಮಾತಾಡದೆ ಚೀಟಿ ಮುಂದಿಟ್ಟೆ. ಕಂಡದ್ದೇ ಮುಖ ಅರಳಿತು.

“ಇದು ಒಳ್ಳೇ ಚೀಟಿ. ರೈಲಿಂದಕ್ಕೆ ಇದನ್ನೇ ಹಾಕು.”

“ಓದಿ ಅಪ್ಪ” ಅಂದೆ.

ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಕತ್ತರಿ ಕೆಳಗಿಟ್ಟರು. ಬಹಳ ಹೊತ್ತು ಬೆರಳಿನಿಂದ ಚೀಟಿಯ ಅಂಚು ಸವರುತ್ತಾ ಕೂತರು. ಬೈಯಬೇಕು ಅಂತ ರಾತ್ರಿಯಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಬೈಯುವ ಬದಲು ಕಾಫಿ ಲೋಟ ಅವರ ಹತ್ತಿರಕ್ಕೆ ಸರಿಸಿದೆ.

“ನಾನು ಪದ ನೋಡ್ದೆ ಕಣಮ್ಮ” ಅಂದರು ಕೊನೆಗೆ. “ವಾಕ್ಯ ಓದಲಿಲ್ಲ.”

ಕಾಫಿ ಕುಡಿಯಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಒಣಗಿರದ ಬಟ್ಟೆಗಳನ್ನೆಲ್ಲ ತೆಗೆದುಕೊಂಡು ಬಂದರು.

ಮಾರ್ಚ್ 9, ಭಾನುವಾರ, ಬೆಳಗಿನ ಜಾವ

ಕನಸು. ಅಕ್ಕನ ಪ್ಲಾಟ್‌ಫಾರಂ ಕಬ್ಬಿಣದ ಕಾಲು ಎತ್ತಿ ಎತ್ತಿ ಇಡುತ್ತಾ ಸಮುದ್ರದಿಂದ ನಮ್ಮ ಬೀದಿಗೆ ಬಂತು. ಅವಸರವೇ ಇಲ್ಲ. ನಮ್ಮ ತಾರಸಿಯ ಪಕ್ಕ ನಿಂತಿತು, ಹಕ್ಕಿಗಳೆಲ್ಲ ನಮ್ಮ ಬಟ್ಟೆ ಹಗ್ಗದ ಮೇಲೆ ಕೂತವು. ಒಂದು ಹೆಜ್ಜೆ ಇಟ್ಟರೆ ಸಾಕು, ದಾಟಬಹುದು. ನಾನು ಟವೆಲ್ ಹುಡುಕುತ್ತಾ ಇದ್ದೆ. ಟವೆಲ್ ಇಲ್ಲದೆ ಹೇಗೆ ಹೋಗುವುದು ಅಂತ.

ಎದ್ದು ಪತ್ರ ಬರೆದೆ. ನಾಲ್ಕು ಸಲ ಹರಿದೆ. ಏನು ಬರೆದರೂ ನೆಪ ಹೇಳಿದಂತೆ ಕಾಣುತ್ತದೆ. ಕತ್ತರಿ ಕಥೆಯನ್ನು ಬೇರೆ ಯಾರೇ ಆದರೂ ನಂಬುವುದಿಲ್ಲ. ಅಕ್ಕ ನಂಬುತ್ತಾಳೆ, ಆದರೆ ಚೀಟಿ ನೋಡಬೇಕು ಅವಳು. ಅಪ್ಪನ ಅಕ್ಷರ, ತಾರೀಖು, ‘ಮೂಲ — ಖಾಸಗಿ ಪತ್ರ’ ಅನ್ನುವ ಆ ಶಿಸ್ತು. ನೋಡಿದರೆ ನಗು ಬಂದೀತು. ನಗು ಬಂದರೆ ಸಾಕು ನನಗೆ.

ಆದರೆ ಚೀಟಿ ಡ್ರಾಯರಿನಿಂದ ಹೊರಗೆ ಹೋಗುವಂತಿಲ್ಲ. ಅದೂ ಅಪ್ಪನದೇ ನಿಯಮ. ಮೂರು ದಿನದಿಂದ ನನ್ನ ಬ್ಯಾಗಿನಲ್ಲಿದೆ, ಕಳ್ಳ ಮಾಲಿನ ಹಾಗೆ.

ಮಾರ್ಚ್ 10, ಸೋಮವಾರ

ಕದ್ದು ಕಳಿಸಲು ಮನಸ್ಸು ಬರಲಿಲ್ಲ. ಸಂಪಾದಕರ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಅರ್ಧದಲ್ಲಿ ಅಲ್ಪವಿರಾಮ ಎದ್ದು ಬಂದು ಪಕ್ಕದಲ್ಲಿ ನಿಂತಳು, ಅವಳ ಎತ್ತರದ ಚಪ್ಪಲಿಯಲ್ಲಿ. ಸಂಪಾದಕರು ಚೀಟಿ ಓದಿದರು. ರೈಲಿನ ಅರ್ಥಕ್ಕೆ ಇದಕ್ಕಿಂತ ಒಳ್ಳೆಯದು ಇನ್ನಿಲ್ಲ ಅಂತ ಅವರಿಗೂ ಗೊತ್ತು. ರಿಜಿಸ್ಟರ್ ತರಿಸಿ ತಾವೇ ಬರೆದರು: ಚೀಟಿ ಒಂದು, ಮೂಲದವರ ಪರಿಶೀಲನೆಗೆ. ಕೆಳಗೆ ನನ್ನ ಸಹಿ ಹಾಕಿಸಿಕೊಂಡರು.

“ವಾಪಸ್ ಬರಬೇಕು” ಅಂದರು.

ನನಗೂ ಅದೇ ಬೇಕು ಅಂದೆ.

ಪತ್ರದ ಮೇಲಿದ್ದ ಹಳೆಯ ಕಂಪನಿಯ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್. ಒಳಗೆ ಕಿಟಕಿಯ ಪತ್ರ, ಚೀಟಿ, ಮತ್ತೆ ಒಂದೇ ಸಾಲು: ಅಕ್ಕ, ಇದು ನನ್ನ ಕೈಗೆ ಬಂದದ್ದು ಮೊನ್ನೆ. ಅಂಟಿಸಿದ ಮೇಲೆ ನೆನಪಾಯಿತು, ನಕಲು ಇಟ್ಟುಕೊಂಡಿಲ್ಲ. ಕಳೆದುಹೋದರೆ ಹೋಯಿತು.

ಮಾರ್ಚ್ 29, ಶನಿವಾರ

ಏನೂ ಇಲ್ಲ.

‘ಪ್ಲಾಟ್‌ಫಾರಂ’ ಇನ್ನೂ ಮುಗಿಸಿಲ್ಲ. ಎಲ್ಲರೂ ‘ಪ್ಲೇ’ಗೆ ಹೋಗಿಯಾಯಿತು. ಅರ್ಥಗಳ ಕ್ರಮ ಯಾವುದಿರಬೇಕು ಅಂತ ಯೋಚಿಸುತ್ತಿದ್ದೇನೆ ಅಂತ ಸುಳ್ಳು ಹೇಳುತ್ತೇನೆ. ನಿಜ ಏನೆಂದರೆ ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗಲು ಕಾಲು ಬರುತ್ತಿಲ್ಲ.

ಅಪ್ಪ ದಿನಾ ಹನ್ನೊಂದಕ್ಕೆ ಗೇಟಿನ ಹತ್ತಿರ ನಿಲ್ಲುತ್ತಾರೆ. ಪೋಸ್ಟ್‌ಮ್ಯಾನ್ ಬರುವ ಹೊತ್ತು. ಗಿಡಕ್ಕೆ ನೀರು ಹಾಕುತ್ತಿದ್ದೆ ಅನ್ನುತ್ತಾರೆ. ಗಿಡ ಕೊಳೆಯುತ್ತಾ ಬಂತು. ಪೇಪರ್ ಈಗ ಇಡಿಯಾಗಿ ಸಿಗುತ್ತಿದೆ. ಓದಲು ಬೇಜಾರು.

ಏಪ್ರಿಲ್ 5, ಶನಿವಾರ

ಬಂತು.

ಸಮುದ್ರದ ಚಿತ್ರವಿರುವ ಕಾರ್ಡು. ಹಿಂದೆ ಅದೇ ನೀಲಿ ಶಾಯಿ. ಗೇಟಿನಿಂದ ಒಳಗೆ ತಂದವರು ಅಪ್ಪ, ಆದರೆ ತಿರುಗಿಸಿ ನೋಡಿರಲಿಲ್ಲ. ಚಿತ್ರ ಮೇಲೆ ಮಾಡಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಕೊಟ್ಟರು.

“ಹದಿನಾಲ್ಕು, ಸೋಮವಾರ. ಅದೇ ರೈಲು, ಅದೇ ನಲ್ಲಿ. ಈ ಸಲಾನೂ ಇಪ್ಪತ್ತು ನಿಮಿಷವೇ. ಅಪ್ಪನ ಕತ್ತರಿ ಮನೇಲಿರಲಿ.”

ಗಟ್ಟಿಯಾಗಿ ಓದಿದೆ. ಅಪ್ಪ ಇನ್ನೊಂದು ಸಲ ಓದು ಅಂದರು. ಓದಿದೆ. ಕತ್ತರಿ ಮನೆಯಲ್ಲಿರಲಿ ಅಂದಿದ್ದಾಳೆ, ಅಪ್ಪ ಮನೆಯಲ್ಲಿರಲಿ ಅಂದಿಲ್ಲವಲ್ಲ ಅಂತ ಕೇಳಿದರು. ಇಲ್ಲ, ಅಂದಿಲ್ಲ ಅಂದೆ. ಮೂರನೇ ಸಲ ಓದಿಸಿದರು.

ಅತ್ತುಬಿಟ್ಟೆ. ಚೆನ್ನಾಗಿ ಅತ್ತೆ, ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿಟ್ಟು.

ಏಪ್ರಿಲ್ 13, ಭಾನುವಾರ

ಟವೆಲ್ ಬ್ಯಾಗಿನಲ್ಲಿ ಹಾಕಿಕೊಂಡೆ. ಯಾಕೆ ಅಂತ ಕೇಳಬಾರದು.

ಏಪ್ರಿಲ್ 14, ಸೋಮವಾರ, ಬೆಳಿಗ್ಗೆ 7.10

ಮೂರನೇ ಪ್ಲಾಟ್‌ಫಾರಂ. ನಲ್ಲಿ ಇನ್ನೂ ಇದೆ, ತೊಟ್ಟಿಕ್ಕುತ್ತಿದೆ. ರೈಲು 7.40ಕ್ಕೆ. ನಲ್ಲಿ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಏನಾದರೂ ಮಾಡುತ್ತಿರಬೇಕು.

ಅಪ್ಪ ಹತ್ತು ಹೆಜ್ಜೆ ದೂರದ ಬೆಂಚಿನಲ್ಲಿ. ಹತ್ತಿರ ಬನ್ನಿ ಅಂದರೆ ಬೇಡ, ಮೊದಲು ನೀನು ಅಂದರು. ಇಸ್ತ್ರಿ ಮಾಡಿದ ಅಂಗಿ. ಪ್ಲಾಟ್‌ಫಾರಂ ಟಿಕೆಟ್ ಕೈಯಲ್ಲಿ. ಅದರ ಮೇಲಿನ ಪದ ಕಂಡಿತು ಅಂತ ಕಾಣುತ್ತದೆ, ಬಲಗೈ ತಾನಾಗೇ ಜೇಬಿಗೆ ಹೋಯಿತು. ಖಾಲಿ ಜೇಬು. ನಾನು ನೋಡಿದ್ದನ್ನು ಅವರೂ ನೋಡಿದರು. ಟಿಕೆಟನ್ನು ಮಡಿಸದೆ ಎದೆ ಜೇಬಿನಲ್ಲಿಟ್ಟುಕೊಂಡರು.

7.25

ಬಿಸಿಲು ಹಳಿಯ ಮೇಲೆ ಜಾರಿ ಬರುತ್ತಿದೆ. ಎಲ್ಲ ನೀರಿನೊಳಗಿನಿಂದ ನೋಡಿದಂತೆ. ಪೋರ್ಟರ್ ಒಬ್ಬ ನಲ್ಲಿಗೆ ಬಂದು ಮುಖ ತೊಳೆದು, ಯಾರಿಗೆ ಕಾಯ್ತಿದೀರಮ್ಮ ಅಂದ. ಅಕ್ಕನಿಗೆ ಅಂದೆ. ಬರ್ತಾರೆ ಬಿಡಿ ಅಂದ. ಅವನಿಗೇನು ಗೊತ್ತು. ಆದರೂ ಸಮಾಧಾನ ಆಯಿತು.

ಒಂಬತ್ತು ವರ್ಷದ ಹಿಂದೆ ಅವಳು ಇಲ್ಲಿ ನಿಂತಿದ್ದಳು. ಯಾರೂ ಕೇಳಿರಲಿಕ್ಕಿಲ್ಲ ಅವಳನ್ನು. ಅವಳು ಗುರುತು ಸಿಗದ ಹಾಗೆ ಬದಲಾಗಿದ್ದರೆ? ಬರದೇ ಇದ್ದರೆ? ಬಂದು, ಇಳಿಯದೇ ಹೋದರೆ?

7.38

ಕೂಗು ಕೇಳಿಸಿತು. ಅಪ್ಪ ಎದ್ದು ನಿಂತಿದ್ದಾರೆ.

ಎಂಜಿನ್ ದಾಟಿತು. ಬೋಗಿಗಳು ನಿಧಾನ ಆಗುತ್ತಿವೆ. ಬಾಗಿಲಲ್ಲಿ ಯಾರ್ಯಾರೋ. ಇವಳಲ್ಲ. ಇವಳೂ ಅಲ್ಲ.

ಕೊನೆಯ ಬೋಗಿ. ಮೆಟ್ಟಿಲ ಮೇಲೆ ಒಬ್ಬಳು ಈ ಕಡೆಗೆ ಬೆನ್ನು ಹಾಕಿ ನಿಂತಿದ್ದಾಳೆ. ಎರಡೂ ಪಕ್ಕದ ಕಂಬಿ ಹಿಡಿದು, ಹಿಮ್ಮಡಿ ಗಾಳಿಯಲ್ಲಿ. ತಲೆಯಲ್ಲಿ ಬಿಳಿ ಕೂದಲು. ಒಂದು ಕೈ ಬಿಟ್ಟಳು. ತೊಡೆಯ ಪಕ್ಕ ಎರಡು ಬೆರಳು — ನಾನು ಎತ್ತಬೇಕು, ಎತ್ತುವ ತನಕ ಇಳಿಯುವುದಿಲ್ಲ ಅವಳು, ಈ ಪೆನ್ನು