ಮಗ್ಗುಲು ತಿರುಗಿಸಿದ ಮೊಟ್ಟೆಗಳು

ಸೊರಬ ತಾಲ್ಲೂಕು
(ಊರಿನ ಹೆಸರು ಬರೆಯುವುದಿಲ್ಲ)
೨ ಡಿಸೆಂಬರ್ ೨೦೨೪

ಅವ್ವನಿಗೆ ಪವಿತ್ರಳ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಇದರ ಬೆನ್ನಿಗೆ ನಿನ್ನ ಕ್ಷೇಮ ಕೇಳುವುದು ರೂಢಿ, ಆದರೆ ಇವತ್ತು ಆ ಸಾಲು ಬರೆಯಲು ಕೈ ಬರುತ್ತಿಲ್ಲ. ಫೋನು ಮಾಡಬಹುದಿತ್ತು. ಮಾಡಿದರೆ ನೀನು ಮೊದಲು ಅಳುತ್ತೀಯ, ನೀನು ಅತ್ತರೆ ನಾನು ಸಮಾಧಾನ ಮಾಡಬೇಕು, ಅಲ್ಲಿಗೆ ನನ್ನ ಮಾತು ಮುಗಿದ ಹಾಗೆ. ಕಾಗದಕ್ಕೆ ಆ ತೊಂದರೆಯಿಲ್ಲ. ಅಕ್ಷರ ಕೂಡಿಸಿಕೊಂಡು ನೀನೇ ಓದು, ಬೇರೆಯವರ ಕೈಯಲ್ಲಿ ಓದಿಸಬೇಡ. ಮನೆಯ ಮರ್ಯಾದೆಯ ವಿಷಯ, ಮರ್ಯಾದೆ ಎಂದರೆ ನಿನಗೆ ಪ್ರಾಣ.

ದೀಪಾವಳಿ ಮುಗಿದ ಮಾರನೆಯ ದಿನ ನಾವಿಬ್ಬರೂ ಮಾತಾಡಿಕೊಂಡದ್ದು ಮರೆತಿಲ್ಲ ತಾನೇ? ಪೆಟ್ಟಿಗೆಯಲ್ಲಿಟ್ಟ ಮೊಟ್ಟೆ ಒಡೆದು ಮರಿಯಾದರೆ ನಾನು ಕುಬಟೂರಿನ ನಿನ್ನ ಮನೆಯಲ್ಲೇ ಇದ್ದು ಕೋಳಿ ಸಾಕಿಕೊಂಡು ಬದುಕಬಹುದು. ಆಗದಿದ್ದರೆ ಬಾಯಿ ಮುಚ್ಚಿಕೊಂಡು ಶಿಕಾರಿಪುರಕ್ಕೆ, ಗಂಡ ತೀರ್ಥೇಶನ ಮನೆಗೆ ವಾಪಸು ಹೋಗಬೇಕು. ಹೇಳಿದವಳು ನೀನು, ಒಪ್ಪಿದವಳು ನಾನು. ಗೆಲ್ಲುತ್ತೇನೆಂಬ ಧೈರ್ಯದಿಂದಲೇ ಒಪ್ಪಿದ್ದೆ.

ಆ ಮನೆ ಎಂಥದ್ದೆಂದು ನಿನಗೆ ಬಿಡಿಸಿ ಹೇಳಬೇಕೆ? ನಿನ್ನ ಅಳಿಯ ಅಂಗಡಿಗೆ ಹೊರಡುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದ. ಬೀಗ ಕೂಡ ಅಲ್ಲ, ಬರೀ ಚಿಲಕ. ಓಣಿಯಲ್ಲಿ ಯಾರೂ ತೆಗೆಯುವುದಿಲ್ಲ ಎಂಬ ನಂಬಿಕೆ ಅವನಿಗೆ. ಅದು ನಿಜವೂ ಆಗಿತ್ತು. ಕಿಟಕಿಯಿಂದ ಕೂಗಿದರೂ ಜನ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಕೊನೆಗೆ ತೆಗೆದವಳು ನೀನು. ಸೀತಾಫಲದ ಚೀಲ ಹೊತ್ತು ಮಗಳನ್ನು ನೋಡಲು ಬಂದವಳು, ಚಿಲಕ ತೆಗೆದು, ಏನೊಂದೂ ಕೇಳದೆ ನನ್ನನ್ನು ಬಸ್ಸು ಹತ್ತಿಸಿದೆ. ಆ ದಿನ ನೀನು ನನಗೆ ದೇವರಾಗಿದ್ದೆ, ಅವ್ವ. ಅದಕ್ಕೇ ಈಗಿನದನ್ನು ನುಂಗಲಾಗುತ್ತಿಲ್ಲ.

ಆನವಟ್ಟಿಯ ಮೀನಂಗಡಿಯಿಂದ ಥರ್ಮಾಕೋಲ್ ಪೆಟ್ಟಿಗೆ ತಂದು, ಬಲ್ಬು ಹಾಕಿ, ಬಟ್ಟಲಲ್ಲಿ ನೀರಿಟ್ಟಾಗ ನೀನು ನಕ್ಕಿದ್ದೆ. ಮೀನಿನ ಪೆಟ್ಟಿಗೇಲಿ ಕೋಳಿ ಹುಟ್ಟಿಸ್ತಾಳಂತೆ ನನ್ ಮಗಳು ಅಂತ ಬೀದಿಗೆಲ್ಲ ಸಾರಿದೆ. ಹಾಗಂದರೂ ಒಳ್ಳೆಯ ಮೊಟ್ಟೆ ಆರಿಸಿ ಕೊಟ್ಟವಳೂ ನೀನೇ. ನಾನು ಒಂದೊಂದಕ್ಕೂ ಒಂದು ಕಡೆ ಗುಣಾಕಾರದ ಗುರುತು, ಇನ್ನೊಂದು ಕಡೆ ಸೊನ್ನೆ ಬರೆದು, ದಿನವೂ ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸಿದೆ. ತಿರುಗಿಸದಿದ್ದರೆ ಮರಿ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಆದರೆ ಕಡೆಯ ಮೂರು ದಿನ ಕೈ ಹಚ್ಚುವಂತಿಲ್ಲ. ಒಳಗಿನ ಮರಿ ಆಗ ದಪ್ಪ ತುದಿಯ ಕಡೆ ತಲೆ ಮಾಡಿ, ಕೊಕ್ಕು ಹೊಂದಿಸಿಕೊಂಡು, ಹೊರಗೆ ಬರುವ ದಾರಿ ಹಿಡಿದಿರುತ್ತದೆ. ಯೂಟ್ಯೂಬಿನಲ್ಲಿ ನೋಡುವುದಕ್ಕೆ ಮೊದಲೇ ಇದು ನನಗೆ ಗೊತ್ತಿತ್ತು. ಕಾವಿಗೆ ಕೂತ ಕೋಳಿ ಕಡೇ ಮೂರು ದಿನ ಕಾಳಿಗೂ ಏಳಲ್ಲ ಕಣೇ, ಅಳ್ಳಾಡದಂಗೆ ಕೂರ್ತದೆ ಅಂತ ಚಿಕ್ಕಂದಿನಲ್ಲಿ ಹೇಳಿಕೊಟ್ಟವಳು ನೀನು.

ನಾನು ಕೊನೆಯ ಸಲ ತಿರುಗಿಸಿ, ಎಲ್ಲದರ ಗುಣಾಕಾರ ಮೇಲೆ ಬರುವಂತೆ ಇಟ್ಟು ಮುಚ್ಚಳ ಹಾಕಿದ ದಿನವೇ ಚಿಕ್ಕಮ್ಮನ ಮಗಳು ಸಂಗೀತಳಿಗೆ ಶಿಕಾರಿಪುರದಲ್ಲಿ ಹೆರಿಗೆಯಾಯಿತು. ಆಸ್ಪತ್ರೆಯಲ್ಲಿ ಜೊತೆಗಿರಲು ಯಾರೂ ಇಲ್ಲ, ನೀನು ಹೋಗು, ಪೆಟ್ಟಿಗೆ ನಾನು ಕಾಯ್ತೀನಿ ಎಂದು ನೀನೇ ನನ್ನನ್ನು ಕಳಿಸಿದೆ. ಮುಚ್ಚಳ ತೆಗೆಯಬೇಡ ಅಂದೆ ನಾನು. ನನಗೇ ಹೇಳ್ತೀಯಾ ಎಂದು ನೀನು ಗದರಿದೆ. ನಾನು ನಂಬಿ ಹೋದೆ.

ಎರಡನೆಯ ದಿನ ಆಸ್ಪತ್ರೆಯ ಬಾಗಿಲಿಗೆ ನಿನ್ನ ಅಳಿಯ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣು. ನಿನ್ ಮರಿ ಏಳಂಗಿಲ್ಲಂತ, ಸುಮ್ನೆ ಬಟ್ಟೆ ಕಟ್ಕೊಂಡು ಬಾ ಅಂದ. ಮೊಟ್ಟೆ ಒಡೆಯುವ ದಿನವೇ ಇನ್ನೂ ಬಂದಿರಲಿಲ್ಲ ಅವ್ವ! ಅವನಿಗೆ ಯಾವ ಜೋಯಿಸರು ಹೇಳಿದರು? ಆಗಷ್ಟೇ ಮಗು ನೋಡಲು ಬಂದಿದ್ದ ಸಂಗೀತಳ ಅತ್ತೆಗೆ ಒಂದು ಮಾತು ಹೇಳಿ ಸಿಕ್ಕ ಬಸ್ಸು ಹತ್ತಿದೆ.

ಪೆಟ್ಟಿಗೆ ತೆಗೆದರೆ ಎಲ್ಲ ಸೊನ್ನೆಗಳೂ ಮೇಲಿದ್ದವು. ಒಳಗೆ ಮರಿ ಮಿಸುಕಿದರೆ ಒಂದೆರಡು ಮೊಟ್ಟೆ ಹೊರಳುತ್ತವೆ, ಎಲ್ಲವೂ ಮಾತಾಡಿಕೊಂಡು ಮಗ್ಗುಲು ಬದಲಿಸುವುದಿಲ್ಲ. ಬಟ್ಟಲಲ್ಲಿ ಹನಿ ನೀರಿರಲಿಲ್ಲ. ಒಂದು ಮೊಟ್ಟೆ ಮಾತ್ರ ಸಣ್ಣಗೆ ಬಿರುಕು ಬಿಟ್ಟಿತ್ತು, ಒಳಗಿಂದ ಕೀಚ್ ಕೀಚ್ ಅನ್ನುತ್ತಿತ್ತು. ಸಂಜೆಯ ಹೊತ್ತಿಗೆ ಅದೂ ನಿಂತಿತು. ಮತ್ತೊಂದು ದಿನ ಕಾದು ಒಡೆದು ನೋಡಿದೆ. ಪುಕ್ಕ ಬಂದ, ತುಂಬಿದ ಮರಿಗಳು. ಪೊರೆ ಒಣಗಿ ಮೈಗೆ ಬಿಗಿದುಕೊಂಡಿತ್ತು. ನೀನು ಒಲೆಯ ಮುಂದೆ ಕೂತು ಬೆನ್ನು ತೋರಿಸಿಕೊಂಡೇ ಇದ್ದೆ.

ನಾನು ಕೇಳಿದ್ದಕ್ಕೆ ನೀನು, ಗುಡುಗಿತು ಕಣೇ, ಮೊಟ್ಟೆ ಕೆಟ್ಟಾವು ಅಂತ ತಿರುಗ್ಸಿದೆ ಅಂದೆ. ಗುಡುಗಿಗೆ ಮೊಟ್ಟೆಯ ಪಕ್ಕ ಇದ್ದಲನ್ನೋ ಕಬ್ಬಿಣದ ತುಂಡನ್ನೋ ಇಡುತ್ತಾರೆ, ಮಗ್ಗುಲು ತಿರುಗಿಸುವುದಿಲ್ಲ. ಆ ಶಾಸ್ತ್ರವೂ ನಿನ್ನದೇ. ಅದೂ ಇರಲಿ, ಪಕ್ಕದ ಮನೆಯ ಚಿಕ್ಕಬೀರಪ್ಪ ಮಾವ ಆ ಎರಡೂ ದಿನ ರಸ್ತೆಯ ಮೇಲೆ ಗೋವಿನಜೋಳ ಹರವಿ ಒಣಗಿಸಿದ್ದಾರೆ. ಎಲ್ಲಿ ಗುಡುಗಿತೋ ಮಾರಾಯ್ತಿ, ನಾನು ತಾಡಪಾಲು ಬಿಚ್ಚೇ ಇಲ್ಲ ಅಂದರು.

ತಿಳಿಯದೆ ಮಾಡಿದ್ದರೆ ನಿನ್ನನ್ನು ಬೈದು, ಎರಡು ದಿನ ಮುನಿಸಿಕೊಂಡು, ಮತ್ತೆ ಮೊಟ್ಟೆ ಇಡುತ್ತಿದ್ದೆ. ತಿಳಿದೂ ತಿಳಿದೂ ಮಾಡಿದೆಯಲ್ಲ! ಗಂಡ ಬಿಟ್ಟವಳು ಮನೆಯಲ್ಲಿದ್ದಾಳೆ ಎಂದು ನಾಲ್ಕು ಜನ ಆಡಿಕೊಳ್ಳುವುದು ನಿನಗೆ ಕಷ್ಟ, ಗೊತ್ತು. ಇರಬೇಡ ಎಂದು ಎದುರಿಗೇ ಹೇಳಿದ್ದರೆ ಆಗುತ್ತಿತ್ತು. ಚಿಲಕ ತೆಗೆದ ಕೈಯೇ ಹೀಗೆ ಮಾಡಿತಲ್ಲ, ಅವ್ವ.

ಒಪ್ಪಂದದಂತೆ ನಾನು ಸೋತೆ. ಆದರೆ ಮೋಸದ ಆಟದಲ್ಲಿ ಸೋತವರು ಮಾತು ಉಳಿಸಿಕೊಳ್ಳಬೇಕಾಗಿಲ್ಲ. ಶಿಕಾರಿಪುರಕ್ಕೆ ಹೋಗುವುದಿಲ್ಲ, ಕುಬಟೂರಿಗೂ ಬರುವುದಿಲ್ಲ. ಒಂದು ಕೋಣೆ ಹಿಡಿದಿದ್ದೇನೆ. ಚಿಲಕ ಒಳಗಿದೆ. ನಿನ್ನ ಅಳಿಯ ವಿಳಾಸ ಕೇಳಿಕೊಂಡು ಬಂದರೆ ಗೊತ್ತಿಲ್ಲ ಅನ್ನು. ಇದೊಂದಾದರೂ ನಿಜ ಹೇಳಿದ ಹಾಗಾಗುತ್ತದೆ.

ಮೊಣಕಾಲಿಗೆ ಹಚ್ಚುವ ಎಣ್ಣೆ ಮೇಲಿನ ಗೂಡಿನಲ್ಲಿದೆ.

ಬೇಡವೆಂದರೂ ನಿನ್ನ ಮಗಳೇ ಆದ,
ಪವಿತ್ರ

ಮತ್ತೊಂದು ಮಾತು: ಹಿತ್ತಲಲ್ಲಿ ಕಾವಿಗೆ ಕೂತಿದ್ದ ಬೂದು ಹೇಟೆಕೋಳಿಯನ್ನು ಕಾಡುಬೆಕ್ಕು ಹೊತ್ತುಕೊಂಡು ಹೋಯಿತೆಂದು ದಿನವೂ ಶಾಪ ಹಾಕುತ್ತಿದ್ದೀಯಂತೆ, ಸಂತೆಯಲ್ಲಿ ಸಿಕ್ಕ ಚಿಕ್ಕಬೀರಪ್ಪ ಮಾವ ಹೇಳಿದರು. ಪಾಪ, ಬೆಕ್ಕನ್ನು ಬೈಯಬೇಡ. ಬುಟ್ಟಿ, ಮೊಟ್ಟೆ ಸಮೇತ ಎತ್ತಿಕೊಂಡು ಬಂದವಳು ನಾನು. ನಿನ್ನನ್ನು ಕೇಳಲಿಲ್ಲ. ಕೋಣೆಯ ಮೂಲೆಯಲ್ಲಿ ಕೂತಿದೆ. ನಿನ್ನೆ ಸುಮ್ಮನೆ ಮೊಟ್ಟೆ ಮುಟ್ಟಲು ಹೋದೆ. ಕಾಳು ಹಾಕುವವಳೆಂದೂ ನೋಡದೆ ರಕ್ತ ಬರುವ ಹಾಗೆ ಕುಕ್ಕಿತು. ನೋವಿಗಲ್ಲ ಅವ್ವ, ಆಗ ನಿನ್ನ ನೆನಪಾಗಿ ಅಳು ಬಂತು.